ಪೆರೋಲ್ ಕೈದಿಯ ಕಾಲಿಗೆ ಕಾವಲು ಯಂತ್ರ

ಕೇಂದ್ರ ಗೃಹ ಸಚಿವಾಲಯವು 2023ರಲ್ಲಿ ಸಿದ್ಧಪಡಿಸಿ ರಾಜ್ಯಗಳ ಮುಂದಿಟ್ಟ ಮಾದರಿ ಕಾರಾಗೃಹ ಮತ್ತು ಸುಧಾರಣಾ ಸೇವಾ ಕಾಯಿದೆಯಲ್ಲಿ ಒಂದು ಚಿಕ್ಕ ಕಲಮು ಇದೆ. ತನ್ನ ಚಲನವಲನವನ್ನು ದಾಖಲಿಸುವ ವಿದ್ಯುನ್ಮಾನ ಸಾಧನವನ್ನು ಧರಿಸಲು ಒಪ್ಪುವ ಕೈದಿಗೆ, ಆ ಶರತ್ತಿನ ಮೇಲೆ, ಸೆರೆಮನೆಯಿಂದ ರಜೆ ಕೊಡಬಹುದು. ಶರತ್ತು ಮುರಿದರೆ ರಜೆ ರದ್ದಾಗುವುದಲ್ಲದೆ ಮುಂದೆ ಅಂಥ ರಜೆಗೂ ಆತ ಅನರ್ಹನಾಗುವನು ಎಂಬುದು ಅದರ ಸಾರಾಂಶ. ಸೆರೆಮನೆಯು ರಾಜ್ಯಪಟ್ಟಿಗೆ ಸೇರಿದ ವಿಷಯವಾದುದರಿಂದ ಈ ಮಾದರಿ ಕಾಯಿದೆ ಕೇರಳದಲ್ಲಿ ತಾನಾಗಿಯೇ ಜಾರಿಗೆ ಬರುವಂತಹದಲ್ಲ. ಕೇರಳಕ್ಕೆ 2010ರ ತನ್ನದೇ ಕಾಯಿದೆಯೂ 2014ರ ನಿಯಮಾವಳಿಯೂ ಇವೆ. ಆದರೂ ದಿಲ್ಲಿಯಲ್ಲಿ ಹುಟ್ಟಿದ ಮಾದರಿಗಳು ಇಂದಲ್ಲ ನಾಳೆ ಕಣ್ಣೂರು, ಚೀಮೇನಿ, ಹೊಸದುರ್ಗಗಳ ಬಾಗಿಲು ತಟ್ಟದೆ ಇರುವುದಿಲ್ಲ. ನಿಯಮ ಬರೆಯುವ ಮುನ್ನವೇ ಈ ಯಂತ್ರದ ಗುಣಾವಗುಣಗಳನ್ನು ವಿಚಾರಿಸಿಕೊಳ್ಳುವುದು ಮೇಲು.

ಮೊದಲಿಗೆ ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕಾಗಿದೆ. ಅಮೇರಿಕದಲ್ಲಿ ಪೆರೋಲ್ ಎಂದರೆ ಶಿಕ್ಷೆಯ ಒಂದಂಶವನ್ನು ಅನುಭವಿಸಿದ ಅಪರಾಧಿಯನ್ನು ಅವಧಿಗೆ ಮುಂಚಿತವಾಗಿ ಹೊರಗೆ ಬಿಟ್ಟು, ಉಳಿದ ತಿಂಗಳುಗಳನ್ನೋ ವರ್ಷಗಳನ್ನೋ ಅಧಿಕಾರಿಯೊಬ್ಬನ ಮೇಲ್ವಿಚಾರಣೆಯಲ್ಲಿ ಕಳೆಯುವಂತೆ ಮಾಡುವುದು. ನಮ್ಮಲ್ಲಿ ಹಾಗಲ್ಲ. ತಾಯಿ ತೀರಿಕೊಂಡಾಗ, ತಂಗಿಯ ಮದುವೆ ಗೊತ್ತಾದಾಗ, ಇಲ್ಲವೆ ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳ ಮುಖ ನೋಡುವುದಕ್ಕೆಂದು ಕೈದಿಗೆ ದೊರೆಯುವ ಕೆಲವು ದಿನಗಳ ಬಿಡುವಿಗೆ ನಾವು ಪೆರೋಲ್ ಎನ್ನುತ್ತೇವೆ. ಕೇರಳದ ನಿಯಮದ ಭಾಷೆಯಲ್ಲಿ ಅದು ಸಾಧಾರಣ ರಜೆ ಅಥವಾ ತುರ್ತು ರಜೆ. ಪೊಲೀಸರ ವರದಿ, ಪ್ರೊಬೇಷನ್ ಅಧಿಕಾರಿಯ ವರದಿ, ಜಾಮೀನುದಾರರ ಸಹಿ, ಊರಿನ ಠಾಣೆಯಲ್ಲಿ ಹಾಜರಿ, ಇವುಗಳ ಆಧಾರದ ಮೇಲೆ ಆತ ಬರುತ್ತಾನೆ, ಹಿಂತಿರುಗುತ್ತಾನೆ. ವಿದೇಶದ ಅಂಕಿಸಂಖ್ಯೆಗಳನ್ನು ತಂದು ಇಲ್ಲಿ ವಾದಿಸುವವರು ಈ ಅಂತರವನ್ನು ಮರೆಯಬಾರದು.

ಯಂತ್ರದ ಪೂರ್ವೇತಿಹಾಸ ಸ್ವಾರಸ್ಯಕರವಾಗಿದೆ. 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಶ್ವಿಟ್ಜ್‌ಗೆಬೆಲ್ ಎಂಬ ಅವಳಿ ಸಹೋದರರು ದಾರಿ ತಪ್ಪಿದ ಹುಡುಗರ ಮೈಮೇಲೆ ರೇಡಿಯೋ ಉಪಕರಣವನ್ನು ಕಟ್ಟಿ ಪ್ರಯೋಗ ನಡೆಸಿದರು. ಹುಡುಗ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದರೆ ಅವನಿಗೆ ಮೆಚ್ಚುಗೆಯ ಮಾತು, ಉಡುಗೊರೆ ಸಿಗಬೇಕೆಂಬುದು ಅವರ ಆಶಯವಾಗಿತ್ತು. ಅದಾದ ಮೇಲೆ 1977ರಲ್ಲಿ ನ್ಯೂ ಮೆಕ್ಸಿಕೋದ ಅಲ್ಬುಕರ್ಕಿ ಪಟ್ಟಣದ ನ್ಯಾಯಾಧೀಶ ಜಾಕ್ ಲವ್ ಅವರು ಸ್ಪೈಡರ್‌ಮ್ಯಾನ್ ಎಂಬ ಚಿತ್ರಕಥೆಯಲ್ಲಿ ನಾಯಕನ ಕೈಗೆ ಖಳನು ತೊಡಿಸಿದ ಪತ್ತೆಯ ಬಳೆಯನ್ನು ಕಂಡು ಅಂಥದೊಂದನ್ನು ಮಾಡಿಸಿದರು. 1983ರಲ್ಲಿ ಅಪರಾಧಿಗಳ ಕಣಕಾಲಿಗೆ ಅದನ್ನು ಮೊದಲ ಬಾರಿಗೆ ತೊಡಿಸಿದರು. ಮೆಚ್ಚುಗೆ, ಉಡುಗೊರೆಗಳು ದಾರಿಯಲ್ಲೇ ಎಲ್ಲೋ ಉದುರಿಹೋದವು, ಪತ್ತೆ ಮಾತ್ರ ಉಳಿಯಿತು.

ಈಗ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಮನೆಯೊಳಗೊಂದು ಪೆಟ್ಟಿಗೆ. ಕಡಗ ಅದರ ಹತ್ತಿರ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ರಾತ್ರಿ ಮನೆಯಲ್ಲಿರಬೇಕೆಂಬ ಶರತ್ತಿಗೆ ಇಷ್ಟು ಸಾಕು. ಇನ್ನೊಂದು ಉಪಗ್ರಹಗಳ ಸಂಕೇತದಿಂದ ತಾನಿರುವ ತಾಣವನ್ನು ಲೆಕ್ಕಹಾಕಿ, ಮೊಬೈಲ್ ಗೋಪುರಗಳ ಮೂಲಕ ಕೇಂದ್ರಕ್ಕೆ ರವಾನಿಸುವ ಜಿಪಿಎಸ್ ಕಡಗ. ಪಟ್ಟಿ ಕತ್ತರಿಸಿದರೆ ಕೇಂದ್ರಕ್ಕೆ ಎಚ್ಚರಿಕೆ ಹೋಗುತ್ತದೆ. ದಿನಂಪ್ರತಿ ಅದಕ್ಕೆ ವಿದ್ಯುತ್ತನ್ನು ಉಣಿಸಬೇಕು, ತಪ್ಪಿದರೆ ಅದೂ ಶರತ್ತಿನ ಉಲ್ಲಂಘನೆಯೇ.

ಇದರಿಂದ ಪ್ರಯೋಜನವಿದೆಯೆ? ಇದೆ, ಆದರೆ ಎಲ್ಲೆಡೆ ಒಂದೇ ತೆರನಾಗಿಲ್ಲ. ಅಮೇರಿಕದ ಫ್ಲೋರಿಡಾ ರಾಜ್ಯದಲ್ಲಿ ಕಡಗ ಧರಿಸಿದ ಐದು ಸಾವಿರಕ್ಕೂ ಮಿಕ್ಕಿದ ಅಪರಾಧಿಗಳನ್ನು, ಕಡಗವಿಲ್ಲದೆ ಮೇಲ್ವಿಚಾರಣೆಯಲ್ಲಿದ್ದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯೊಡನೆ ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವು, ಶರತ್ತಿಗೆ ತಪ್ಪುವ ಸಂಭವ ಕಡಗದಿಂದ 31 ಶೇಕಡಾ ಕುಗ್ಗಿತೆಂದು ಹೇಳಿತು. ಕ್ಯಾಲಿಫೋರ್ನಿಯದಲ್ಲಿ ಪೆರೋಲ್ ಮೇಲಿದ್ದ 516 ಮಂದಿ ಲೈಂಗಿಕ ಅಪರಾಧಿಗಳ ಬಗೆಗೆ 2012ರಲ್ಲಿ ಹೊರಬಂದ ಅಧ್ಯಯನದಲ್ಲೂ ಕಡಗವಿದ್ದವರ ನಡತೆ ಇಲ್ಲದವರಿಗಿಂತ ಮೇಲಾಗಿತ್ತು. ಖರ್ಚು ಮಾತ್ರ ತಲೆಗೆ ದಿನವೊಂದಕ್ಕೆ ಸುಮಾರು 27 ಡಾಲರಿನಿಂದ 36 ಡಾಲರಿಗೆ ಏರಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಇಬ್ಬರು ವಿದ್ವಾಂಸರು, ಕಡಗದಿಂದ ಅಪರಾಧ ತಗ್ಗುತ್ತದೆನ್ನಲು ನಂಬಲರ್ಹ ಪುರಾವೆ ಸಾಲದೆಂದು 2005ರಲ್ಲಿ ತೀರ್ಮಾನಿಸಿದ್ದರು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅರ್ಜೆಂಟೀನಾದ ಅನುಭವ. ಅಲ್ಲಿನ ಸೆರೆಮನೆಗಳೂ ನಮ್ಮವುಗಳಂತೆ ಕಿಕ್ಕಿರಿದವು, ಅಲ್ಲಿಯೂ ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ ಯಾವ ಆರೋಪಿಯ ಮೊಕದ್ದಮೆ ಯಾವ ನ್ಯಾಯಾಧೀಶರ ಮುಂದೆ ಬರುವುದೆಂಬುದು ಹೆಚ್ಚುಕಡಿಮೆ ಚೀಟಿ ಎತ್ತಿದಂತೆ. ಕೆಲವು ನ್ಯಾಯಾಧೀಶರು ಧಾರಾಳವಾಗಿ ಕಡಗ ತೊಡಿಸಿ ಮನೆಗೆ ಕಳುಹಿಸುವವರು, ಕೆಲವರು ಕಡಗವನ್ನು ಒಪ್ಪದೆ ಸೆರೆಗೆ ತಳ್ಳುವವರು. ಹೀಗಾಗಿ ಒಂದೇ ಬಗೆಯ ಮನುಷ್ಯರ ಎರಡು ಗುಂಪುಗಳನ್ನು ಹೋಲಿಸುವ ಅವಕಾಶ ಡಿ ಟೆಲ್ಲಾ ಮತ್ತು ಶಾರ್ಗ್ರೋಡ್ಸ್ಕಿ ಎಂಬ ಅರ್ಥಶಾಸ್ತ್ರಜ್ಞರಿಗೆ ದೊರೆಯಿತು. ಸೆರೆಯಿಂದ ಹೊರಬಂದವರಲ್ಲಿ 22 ಶೇಕಡಾ ಮಂದಿ ಮತ್ತೆ ಬಂಧನಕ್ಕೊಳಗಾದರೆ, ಕಡಗದಿಂದ ಬಿಡುಗಡೆಯಾದವರಲ್ಲಿ 13 ಶೇಕಡಾ ಮಾತ್ರ ಎಂದು 2013ರಲ್ಲಿ ಅವರು ಪ್ರಕಟಿಸಿದರು. ಫ್ರಾನ್ಸಿನಲ್ಲಿ 2016ರಲ್ಲಿ ಪ್ರಕಟವಾದ ಶೋಧನೆಯೂ, ಸೆರೆವಾಸದ ಬದಲು ಕಡಗ ಧರಿಸಿದವರು ಮತ್ತೆ ಶಿಕ್ಷೆಗೊಳಗಾಗುವುದು ಕಡಿಮೆ ಎಂದಿತು. ಅಧಿಕಾರಿಗಳು ಮನೆಗೆ ಬಂದು ನೋಡಿ ಹೋಗುತ್ತಿದ್ದವರಲ್ಲಿ, ಕೆಲಸಕ್ಕೆ ಹೋಗಲೇಬೇಕೆಂಬ ಶರತ್ತಿದ್ದವರಲ್ಲಿ ಈ ಪರಿಣಾಮ ಹೆಚ್ಚು ಎಂಬುದನ್ನೂ ಅದು ಗುರುತಿಸಿತು. ಸ್ವೀಡನ್ 1994ರಲ್ಲಿ ಪ್ರಯೋಗಾರ್ಥವಾಗಿ ತೊಡಗಿ 1997ರಲ್ಲಿ ದೇಶವ್ಯಾಪಿಯಾಗಿಸಿದ ಪದ್ಧತಿಯಲ್ಲೂ ಕಡಗವು ಮೂರು ತಿಂಗಳವರೆಗಿನ ಸೆರೆವಾಸದ ಬದಲಿಗೆ ಬಂದದ್ದು, ಉದ್ಯೋಗ ಮತ್ತು ಪಾನನಿಷೇಧದ ಕಟ್ಟುನಿಟ್ಟುಗಳ ಜತೆಗೆ ಬಂದದ್ದು.

ಇವುಗಳನ್ನು ಒಟ್ಟಾಗಿ ಓದಿದಾಗ ನಮಗೆ ತೋರುವುದಿಷ್ಟು. ಸೆರೆಮನೆಯಲ್ಲಿ ಕೊಳೆಯಬೇಕಾಗಿದ್ದವನನ್ನು ಹೊರಗೆ ತರಲು ಬಳಸಿದಲ್ಲೆಲ್ಲ ಕಡಗ ಚೆನ್ನಾಗಿ ದುಡಿದಿದೆ. ಸೆರೆಮನೆಯ ಸಹವಾಸ ತಪ್ಪಿತೆಂಬುದೇ ಅಲ್ಲಿ ಅರ್ಧ ಔಷಧಿ. ಹೇಗೂ ಹೊರಗೆ ಬರಲಿದ್ದವನ ಕಾಲಿಗೆ ಅದನ್ನು ಹೆಚ್ಚುವರಿಯಾಗಿ ಬಿಗಿದಾಗ ಲಾಭ ಚಿಕ್ಕದು, ಖರ್ಚು ಮತ್ತು ಅವಮಾನ ದೊಡ್ಡದು. ಫ್ಲೋರಿಡಾದ ಅದೇ ಅಧ್ಯಯನದಲ್ಲಿ, ಕಡಗದ ದೆಸೆಯಿಂದ ತಾವು ಕೆಲಸ ಕಳೆದುಕೊಂಡೆವೆಂದು ಹೇಳಿದವರು 22 ಶೇಕಡಾ. ಕೆಲಸವಿಲ್ಲದ ಅಪರಾಧಿಗೆ ಕಡಗ ತೊಡಿಸಿ ಸಮಾಜ ಸುರಕ್ಷಿತವಾಯಿತೆನ್ನುವುದು ವಿಚಿತ್ರ ತರ್ಕ.

ಯಂತ್ರದ ಹಿಂದೆ ಮನುಷ್ಯನಿಲ್ಲದಿದ್ದರೆ ಏನಾಗುವುದೆಂಬುದಕ್ಕೂ ದೃಷ್ಟಾಂತಗಳಿವೆ. 1991ರಲ್ಲಿ ಅಪಹೃತಳಾದ ಹನ್ನೊಂದು ವರ್ಷದ ಬಾಲಕಿಯೊಬ್ಬಳು 18 ವರ್ಷಗಳ ತರುವಾಯ, 2009ರ ಆಗಸ್ಟಿನಲ್ಲಿ, ಕ್ಯಾಲಿಫೋರ್ನಿಯದ ಮನೆಯೊಂದರ ಹಿತ್ತಿಲಲ್ಲಿ ಸೆರೆಯಾಗಿದ್ದುದು ಬಯಲಾಯಿತು. ಆಕೆಯನ್ನು ಕೂಡಿಹಾಕಿದ್ದವನು ಪೆರೋಲ್ ಮೇಲಿದ್ದ ಲೈಂಗಿಕ ಅಪರಾಧಿ. ಆತನ ಕಾಲಲ್ಲಿ ಜಿಪಿಎಸ್ ಕಡಗವಿತ್ತು! ಆತ ಶರತ್ತು ಮೀರುತ್ತಿದ್ದುದನ್ನು ಯಂತ್ರ ದಾಖಲಿಸಿದ್ದರೂ ಅಧಿಕಾರಿಗಳು ಕ್ರಮ ಕೈಗೊಳ್ಳಲಿಲ್ಲವೆಂದು ಆ ರಾಜ್ಯದ ಇನ್‌ಸ್ಪೆಕ್ಟರ್ ಜನರಲ್ ಅವರ ವರದಿ ಅದೇ ವರ್ಷ ಹೇಳಿತು. ಆತ ಮನೆಯಲ್ಲಿದ್ದಾನೆಂದು ಕಡಗ ಪ್ರಾಮಾಣಿಕವಾಗಿ ತಿಳಿಸುತ್ತಿತ್ತು. ಮನೆಯಲ್ಲೇ ಅಪರಾಧ ನಡೆಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಗುರುತು ಬಿದ್ದ ಮಾತ್ರಕ್ಕೆ ಪಾಠ ತಲೆಗೆ ಹತ್ತಿತೆಂದು ಯಾವ ಅಧ್ಯಾಪಕನೂ ಹೇಳಲಾರ.

ಬ್ರಿಟನ್ನಿನ ಕತೆ ಇನ್ನೊಂದು ತೆರ. ಅಲ್ಲಿ ಕಡಗದ ಕೆಲಸವನ್ನು ಖಾಸಗಿ ಕಂಪೆನಿಗಳಿಗೆ ವಹಿಸಿಕೊಡಲಾಗಿತ್ತು. ಸತ್ತವರ, ಸೆರೆಮನೆಗೆ ಮರಳಿದವರ, ದೇಶ ಬಿಟ್ಟವರ ಹೆಸರಿನಲ್ಲೂ ಸರಕಾರಕ್ಕೆ ಬಿಲ್ಲು ಬರುತ್ತಿತ್ತೆಂದು 2013ರಲ್ಲಿ ಅಲ್ಲಿನ ನ್ಯಾಯ ಸಚಿವರೇ ಸಂಸತ್ತಿಗೆ ತಿಳಿಸಬೇಕಾಯಿತು. ಎರಡು ಕಂಪೆನಿಗಳು ಕೋಟ್ಯಂತರ ಪೌಂಡುಗಳನ್ನು ಹಿಂತಿರುಗಿಸಿದವು, ಮುಂದೆ ದಂಡವನ್ನೂ ತೆತ್ತವು. ಹೊಸ ಜಿಪಿಎಸ್ ಕಡಗಗಳ ಯೋಜನೆ ಐದು ವರ್ಷ ಹಿಂದೆ ಬಿದ್ದಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಟೀಕಿಸಿತು. 2024ರಲ್ಲಿ ಸೆರೆಮನೆಗಳಲ್ಲಿ ಜಾಗವಿಲ್ಲದೆ ಕೈದಿಗಳನ್ನು ಬೇಗನೆ ಬಿಡುಗಡೆ ಮಾಡಿದಾಗ, ಕಡಗ ತೊಡಬೇಕಾಗಿದ್ದ ಹಲವರಿಗೆ ಅದನ್ನು ತೊಡಿಸುವವರೇ ಸಕಾಲಕ್ಕೆ ಬರಲಿಲ್ಲ. ಗುತ್ತಿಗೆಯ ವ್ಯವಹಾರ ನಮ್ಮ ದೇಶದಲ್ಲಿ ಇದಕ್ಕಿಂತ ಶುದ್ಧವಾಗಿ ನಡೆದೀತೆಂದು ನಂಬುವಷ್ಟು ಮುಗ್ಧರು ನಮ್ಮ ಓದುಗರಲ್ಲಿ ಇಲ್ಲವೆಂದು ಭಾವಿಸುತ್ತೇವೆ.

ಇನ್ನು ಭಾರತದ ವಿಚಾರ. 2023ರ ನವೆಂಬರಿನಲ್ಲಿ ಜಮ್ಮು ಕಾಶ್ಮೀರ ಪೊಲೀಸರು ಜಾಮೀನಿನ ಮೇಲೆ ಬಿಡುಗಡೆಯಾದ ಭಯೋತ್ಪಾದನಾ ಮೊಕದ್ದಮೆಯ ಆರೋಪಿಯೊಬ್ಬನಿಗೆ ನ್ಯಾಯಾಲಯದ ಆಜ್ಞೆಯಂತೆ ಜಿಪಿಎಸ್ ಕಡಗ ತೊಡಿಸಿದರು. ದೇಶದಲ್ಲಿ ಅದು ಪ್ರಥಮ. ಅದಕ್ಕೂ ಮುನ್ನ 2017ರಲ್ಲೇ ಕಾನೂನು ಆಯೋಗ ತನ್ನ 268ನೇ ವರದಿಯಲ್ಲಿ, ಇಂಥ ಸಾಧನವು ತಲೆಮರೆಸಿಕೊಳ್ಳುವುದನ್ನು ತಡೆಯಬಹುದಾದರೂ ಮೂಲಭೂತ ಹಕ್ಕುಗಳಿಗೆ ತೀವ್ರ ಆಘಾತ ತರಬಲ್ಲದಾದುದರಿಂದ ಘೋರ ಅಪರಾಧಗಳಲ್ಲಿ, ಹಿಂದೆ ಅದೇ ಬಗೆಯ ಅಪರಾಧಕ್ಕೆ ಶಿಕ್ಷೆಯಾದವರಿಗೆ ಮಾತ್ರ ಬಳಸಬೇಕೆಂದು ಎಚ್ಚರಿಸಿತ್ತು. ಆರೋಪಿಯು ತಾನಿರುವ ಸ್ಥಳವನ್ನು ಗೂಗಲ್ ನಕ್ಷೆಯಲ್ಲಿ ಗುರುತಿಸಿ ತನಿಖಾಧಿಕಾರಿಗೆ ಸದಾ ಕಾಣುವಂತಿಡಬೇಕೆಂಬ ಜಾಮೀನು ಶರತ್ತನ್ನು 2024ರ ಜುಲೈ 8ರಂದು ಸುಪ್ರೀಂ ಕೋರ್ಟು ತೆಗೆದುಹಾಕಿತು. ಆರೋಪಿಯ ಚಲನವಲನದ ಮೇಲೆ ಪೊಲೀಸರು ಅನವರತ ಕಣ್ಣಿಡುವುದಕ್ಕೆ ಎಡೆಮಾಡುವ ಶರತ್ತು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ನ್ಯಾಯಮೂರ್ತಿಗಳು ಹೇಳಿದರು. ಶಿಕ್ಷೆಗೊಳಗಾದ ಕೈದಿಯ ಸ್ಥಿತಿ ಆರೋಪಿಯದಕ್ಕಿಂತ ಭಿನ್ನವೆಂಬುದು ನಿಜ. ಆದರೆ ಕೈದಿಯೂ ಮನುಷ್ಯನೇ ಎಂಬುದನ್ನು ಈ ದೇಶದ ಕಾನೂನಿನಲ್ಲಿ ಬರೆದಿಟ್ಟವರು ನಮ್ಮ ನೆರೆಯ ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1957ರ ಕೇರಳದ ಪ್ರಥಮ ಮಂತ್ರಿಮಂಡಲದಲ್ಲಿ ಕಾರಾಗೃಹ ಖಾತೆಯನ್ನೂ ನೋಡಿಕೊಂಡವರು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. 1978ರಲ್ಲಿ ಕಾಲಿನ ಸರಳುಬೇಡಿಯ ವಿರುದ್ಧ, 1980ರಲ್ಲಿ ಕೈಕೋಳದ ವಿರುದ್ಧ ಅವರು ಬರೆದ ತೀರ್ಪುಗಳಲ್ಲಿನ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಾಗಿದೆ: ಈ ಮನುಷ್ಯನಿಗೆ, ಈ ಸಂದರ್ಭದಲ್ಲಿ, ಇದು ಅನಿವಾರ್ಯವೆ? ಕಬ್ಬಿಣದ ಬದಲು ರಬ್ಬರಿನದಾದ ಮಾತ್ರಕ್ಕೆ ಪ್ರಶ್ನೆ ತಪ್ಪುವುದಿಲ್ಲ.

ಧರಿಸಲು ಒಪ್ಪುವ ಕೈದಿಗೆ ಎಂದು ಮಾದರಿ ಕಾಯಿದೆ ಹೇಳುತ್ತದೆ. ಒಪ್ಪದಿದ್ದರೆ ತಂದೆಯ ಶವಸಂಸ್ಕಾರಕ್ಕೆ ಹೋಗುವಂತಿಲ್ಲವೆಂದಾದರೆ ಅದು ಎಂಥ ಒಪ್ಪಿಗೆ?

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಎದುರಾದ ನಿದರ್ಶನವೊಂದಿದೆ. ಚೀಮೇನಿಯ ಬಯಲು ಬಂದೀಖಾನೆ. ಎತ್ತರದ ಗೋಡೆಯಿಲ್ಲದೆ, ಮುರಕಲ್ಲಿನ ಗುಡ್ಡದ ಮೇಲೆ ಶಿಕ್ಷೆಗೊಳಗಾದವರು ದುಡಿಯುವ ಸ್ಥಳ ಅದು. 1962ರಲ್ಲಿ ತಿರುವನಂತಪುರದ ಬಳಿಯ ನೆಟ್ಟುಕಾಲ್‌ತೇರಿಯಲ್ಲಿ ತೊಡಗಿದ ಪದ್ಧತಿಯ ಮುಂದುವರಿಕೆ. ಓಡಿಹೋದವರು ಇಲ್ಲವೆಂದಲ್ಲ, ಆದರೆ ನಂಬಿಕೆಯನ್ನೇ ಬೇಲಿಯಾಗಿ ಮಾಡಿಕೊಂಡು ಒಂದು ವ್ಯವಸ್ಥೆ ದಶಕಗಳ ಕಾಲ ನಡೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಂಥ ಜೈಲಿನಿಂದ ವರ್ಷವರ್ಷವೂ ಮನೆಗೆ ಬಂದು, ಹೇಳಿದ ದಿನಕ್ಕೆ ಬಸ್ಸು ಹತ್ತಿ ಹಿಂತಿರುಗುವವನ ಕಾಲಿಗೆ ಇದ್ದಕ್ಕಿದ್ದಂತೆ ಕಡಗ ಬಿಗಿದರೆ ಅದು ಸುಧಾರಣೆಯೂ ಅಲ್ಲ, ಮಿತವ್ಯಯವೂ ಅಲ್ಲ.

ಹಾಗಾದರೆ ಕಡಗ ಯಾರಿಗೆ? ಪೆರೋಲ್ ಸಿಗದವರಿಗೆ ಎಂಬುದು ನಮ್ಮ ಸಲಹೆ. ಪೊಲೀಸರ ಪ್ರತಿಕೂಲ ವರದಿಯಿಂದ ರಜೆ ನಿರಾಕರಿಸಲ್ಪಟ್ಟು ವರ್ಷಗಟ್ಟಲೆ ಮನೆಯ ಹೊಸ್ತಿಲು ಕಾಣದವರಿದ್ದಾರೆ. ಕೊಲೆಯಾದವನ ಮನೆ ಅದೇ ಊರಿನಲ್ಲಿದೆ, ಆತ ಬಂದರೆ ಗಲಾಟೆಯಾದೀತು ಎಂದು ವರದಿ ಬರೆಯುವುದು ಠಾಣೆಗೆ ಸುಲಭ. ಆ ವರದಿ ಯಾವಾಗಲೂ ನೆಪವೆಂದು ನಾವು ಹೇಳುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಕೊಂದವನು ಮನೆಯೆದುರಿನ ದಾರಿಯಲ್ಲಿ ನಡೆದುಹೋಗುವುದನ್ನು ನೋಡಬೇಕಾದ ಸಂಕಟ ಸಣ್ಣದಲ್ಲ. ಅವಳ ಭಯಕ್ಕೆ ಸರಕಾರ ಉತ್ತರ ಹೇಳಲೇಬೇಕು. ಇಲ್ಲಿ ಕಡಗಕ್ಕೆ ನಿಜವಾದ ಕೆಲಸವಿದೆ. ಆ ಮನೆಯ ಸುತ್ತ ಇಷ್ಟು ದೂರಕ್ಕೆ ಪ್ರವೇಶವಿಲ್ಲವೆಂದು ಗೆರೆ ಎಳೆದು, ಗೆರೆ ದಾಟಿದೊಡನೆ ಆಕೆಗೂ ಠಾಣೆಗೂ ಏಕಕಾಲದಲ್ಲಿ ಸೂಚನೆ ಹೋಗುವಂತೆ ಮಾಡಬಹುದು. ಹೆಂಗಸರ ಮೇಲಿನ ಹಿಂಸೆಯ ಮೊಕದ್ದಮೆಗಳಲ್ಲಿ ಸ್ಪೇನ್ 2009ರಿಂದ ಮಾಡುತ್ತಿರುವುದು ಇದನ್ನೇ: ಅಪರಾಧಿಗೊಂದು ಕಡಗ, ಆಕೆಯ ಕೈಯಲ್ಲೊಂದು ಉಪಕರಣ. ಕೈದಿಗೆ ರಜೆ, ಆಕೆಗೆ ಮುನ್ನೆಚ್ಚರಿಕೆ, ಎರಡೂ ಸಿಗುವುದಾದರೆ ಖರ್ಚಿಗೆ ಅರ್ಥವಿದೆ.

ಇನ್ನೊಂದು ವರ್ಗ ವಿಚಾರಣಾಧೀನರದ್ದು. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ ವಿಚಾರಣೆ ಮುಗಿಯದವರೇ 4,34,302. ಎಲ್ಲ ಸೆರೆಮನೆಗಳ ಒಟ್ಟು ಸ್ಥಳಾವಕಾಶ 4,36,266. ಎಂದರೆ ಅಪರಾಧ ರುಜುವಾತಾಗದವರೇ ಇದ್ದ ಜಾಗವನ್ನೆಲ್ಲ ತುಂಬಿಬಿಡುವಷ್ಟಿದ್ದರು. ಅರ್ಜೆಂಟೀನಾದ ಪಾಠ ನೇರವಾಗಿ ಅನ್ವಯಿಸುವುದು ಇವರಿಗೆ. ಜಾಮೀನು ಸಾಧ್ಯವೇ ಇಲ್ಲದ ಪ್ರಕರಣಗಳಲ್ಲಿ ಮಾತ್ರ, ಎಂಬ ಷರಾವನ್ನು ನಾವು ಸೇರಿಸುತ್ತೇವೆ. ಸಾಮಾನ್ಯ ಜಾಮೀನು ಸಿಗಬೇಕಾದವನಿಗೆ ಕಡಗ ತೊಡಿಸಿದರೆ ಅದೂ ಹೆಚ್ಚುವರಿ ಶಿಕ್ಷೆಯೇ.

ಕಾಸರಗೋಡಿನವರಾಗಿ ನಾವು ಹೇಳಲೇಬೇಕಾದ ಕೆಲವು ಮಾತುಗಳಿವೆ. ತಿರುವನಂತಪುರದಲ್ಲಿ ಕುಳಿತು ನಿಯಮ ಬರೆಯುವವರಿಗೆ ದೇಲಂಪಾಡಿ, ಬೆಳ್ಳೂರು, ಎಣ್ಮಕಜೆಗಳ ಮಳೆಗಾಲ ಗೊತ್ತಿರಲಾರದು. ಆಟಿಯ ಗಾಳಿಮಳೆಗೆ ಅಡಕೆ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಮರಳಿ ಬರುವವರೆಗೆ ಚಿಮಿಣಿ ದೀಪವೇ ಗತಿ. ದಿನವೂ ವಿದ್ಯುತ್ತು ಬೇಡುವ ಕಡಗ ಆಗ ಸುಮ್ಮನಾಗುತ್ತದೆ. ಕಣಿವೆಯ ತೋಟದೊಳಗೆ ಮೊಬೈಲಿನ ಸಂಕೇತ ಸಿಗುವುದಿಲ್ಲ. ಸಿಕ್ಕರೂ ಎಷ್ಟೋ ಕಡೆ ಅದು ಗಡಿಯಾಚೆಯ ಗೋಪುರದ್ದು. ಶರತ್ತು ಮುರಿದವನಿಗೆ ಮುಂದೆ ರಜೆಯೇ ಇಲ್ಲವೆಂಬ ಮಾದರಿ ಕಾಯಿದೆಯ ಮಾತನ್ನು ಈ ಬೆಳಕಿನಲ್ಲಿ ಓದಬೇಕು. ಮಳೆಯ ತಪ್ಪಿಗೆ ಮನುಷ್ಯನನ್ನು ಶಿಕ್ಷಿಸಬಾರದಾದರೆ, ಯಂತ್ರ ಮೌನವಾದಾಗ ಊರಿಗೆ ಹೋಗಿ ನಿಜಸ್ಥಿತಿ ನೋಡಿಬರುವ ಅಧಿಕಾರಿ ಇರಲೇಬೇಕು, ಮತ್ತು ಆತನ ವರದಿಯಿಲ್ಲದೆ ರಜೆ ರದ್ದಾಗಬಾರದು.

ಗಡಿಯ ಮಾತೂ ಅಷ್ಟೆ. ನಮ್ಮ ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಹೆಣ್ಣು ಕೊಟ್ಟು ತಂದ ಸಂಬಂಧಗಳು ಪುತ್ತೂರು, ಸುಳ್ಯ, ಬಂಟ್ವಾಳಗಳವರೆಗೆ ಹಬ್ಬಿವೆ. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ನಾವು ಪಟ್ಟ ಪಾಡನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ನಕ್ಷೆಯ ಮೇಲೆ ರಾಜ್ಯದ ಎಲ್ಲೆಗೆ ಸರಿಯಾಗಿ ಗೆರೆ ಎಳೆದು, ತಾಯಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದ ಮಗನ ಕಾಲಿನಲ್ಲಿ ಎಚ್ಚರಿಕೆ ಮೊಳಗಿದರೆ ಆತ ತಲೆಮರೆಸಿಕೊಂಡವನಾಗುತ್ತಾನೆಯೆ? ಗಡಿ ತಾಲೂಕುಗಳ ಕೈದಿಗಳಿಗೆ ಆಸ್ಪತ್ರೆ, ಅಪರಕ್ರಿಯೆ ಮೊದಲಾದ ಕಾರಣಗಳಿಗೆ ಗೆರೆಯಾಚೆ ಹೋಗಲು ಮುಂಚಿತ ಅನುಮತಿಯ ಸರಳ ಕ್ರಮವೊಂದನ್ನು ನಿಯಮದಲ್ಲೇ ಸೇರಿಸಬೇಕು.

ಎಲ್ಲಕ್ಕೂ ಮಿಗಿಲಾಗಿ ಭಾಷೆ. ಕಡಗದ ಶರತ್ತುಗಳು ಸಣ್ಣವಲ್ಲ: ಎಷ್ಟು ಹೊತ್ತಿಗೆ ಎಲ್ಲಿರಬೇಕು, ಯಾವ ದಾರಿಯಲ್ಲಿ ಹೋಗಬಾರದು, ಯಾವಾಗ ಚಾರ್ಜಿಗೆ ಇಡಬೇಕು, ಎಚ್ಚರಿಕೆ ಬಂದರೆ ಯಾರಿಗೆ ಫೋನು ಮಾಡಬೇಕು. ಇವು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಹಾಳೆಯಾಗಿ ಕೈಗೆ ಬಂದರೆ, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿ ಬಿಟ್ಟವನು ಹೆಬ್ಬೆಟ್ಟು ಒತ್ತಿದಂತೆ ಸಹಿ ಹಾಕಿ ಹೊರಗೆ ಬರುತ್ತಾನೆ; ಯಾವುದಕ್ಕೆ ಒಪ್ಪಿದೆನೆಂಬುದು ಆತನಿಗೆ ತಿಳಿದಿರುವುದಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ರೇಶನ್ ಕಾರ್ಡಿನ ಅರ್ಜಿಗೇ ಆ ಹಕ್ಕನ್ನು ಕಾಡಿಬೇಡಿ ಪಡೆಯಬೇಕಾದ ನಮಗೆ, ಸೆರೆಮನೆಯ ಬಾಗಿಲಲ್ಲಿ ಅದು ತಾನಾಗಿ ದೊರೆಯುವುದೆಂಬ ಭ್ರಮೆಯಿಲ್ಲ.

ಆದುದರಿಂದ ಕೇರಳ ಸರಕಾರ ಈ ಬಗೆಗೆ ನಿಯಮ ರಚಿಸುವುದಾದರೆ ಕರಡನ್ನು ಕನ್ನಡದಲ್ಲೂ ಪ್ರಕಟಿಸಿ ಈ ಜಿಲ್ಲೆಯವರ ಅಭಿಪ್ರಾಯ ಕೇಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಕಡಗದ ಖರ್ಚನ್ನು ಅಮೇರಿಕದ ಹಲವು ಕಡೆಗಳಲ್ಲಿ ಮಾಡುವಂತೆ ಕೈದಿಯ ಮನೆಯವರ ತಲೆಗೆ ಕಟ್ಟಬಾರದು. ಹಿಂದೆ ರಜೆಯ ಮೇಲೆ ಹೋಗಿ ಸಕಾಲಕ್ಕೆ ಮರಳಿದವರನ್ನು ಇದರಿಂದ ಪೂರ್ತಿಯಾಗಿ ಹೊರಗಿಡಬೇಕು. ಶರತ್ತಿನ ಹಾಳೆಯನ್ನು ಕೈದಿಗೂ ಆತನನ್ನು ಕರೆದೊಯ್ಯಲು ಬಂದ ಮನೆಯವರಿಗೂ ಅವರ ಭಾಷೆಯಲ್ಲಿ ಓದಿಹೇಳಿ, ಓದಿದವರು ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಬೇಕು.